ಸ್ವರಗಳನ್ನು ಕೊಟ್ಟರೆ ಕಾರ್ಡಿನ ಹೆಸರು ಹೇಳುವ ಪ್ರೋಗ್ರಾಂ

ಕೀಬೋರ್ಡಿನಲ್ಲಿ ಒಟ್ಟಿಗೆ ಒತ್ತಿದ ಮೂರು ನಾಲ್ಕು ಸ್ವರಗಳು ಯಾವ ಕಾರ್ಡ್ (chord, ಅಂದರೆ ಸ್ವರಗಳ ಗುಂಪು) ಆಗುತ್ತವೆ ಎಂದು ಹೇಳುವ ಪ್ರೋಗ್ರಾಂ ಬರೆಯಲು ಕಳೆಯುವುದು ಮತ್ತು ಭಾಗಿಸಿ ಶೇಷ ತೆಗೆಯುವುದು ಗೊತ್ತಿದ್ದರೆ ಬಹುಮಟ್ಟಿಗೆ ಸಾಕು. ನಿಜವಾದ ತೊಡಕು ಎದುರಾಗುವುದು ಒಂದೇ ಸ್ವರಗುಂಪಿಗೆ ಎರಡು ಹೆಸರುಗಳು ಸಮನಾಗಿ ಒಪ್ಪುವಾಗ.

ಮೊದಲು ಸ್ವರಗಳನ್ನು ಸಂಖ್ಯೆಗಳಾಗಿಸಬೇಕು. ಸಂಗೀತ ವಾದ್ಯಗಳೂ ಕಂಪ್ಯೂಟರುಗಳೂ ಸ್ವರಗಳನ್ನು ಸಂಖ್ಯೆಗಳಾಗಿ ಕಳಿಸಿಕೊಳ್ಳುವ ಮಿಡಿ (MIDI) ಪದ್ಧತಿಯಲ್ಲಿ ಪಿಯಾನೊದ ನಡುವಿನ ಸಿ ಸ್ವರದ ಸಂಖ್ಯೆ 60. ಪ್ರತಿ ಅರ್ಧಸ್ವರಕ್ಕೆ, ಅಂದರೆ ಪಕ್ಕದ ಪ್ರತಿ ಕೀಗೆ, ಒಂದೊಂದು ಹೆಚ್ಚುತ್ತ ಹೋಗಿ, 72ಕ್ಕೆ ಮೇಲಿನ ಸ್ಥಾಯಿಯ ಸಿ ಬರುತ್ತದೆ. ಆದ್ದರಿಂದ ಯಾವುದೇ ಸಂಖ್ಯೆಯನ್ನು 12ರಿಂದ ಭಾಗಿಸಿ ಶೇಷವನ್ನು ಮಾತ್ರ ಇಟ್ಟುಕೊಂಡರೆ ಸ್ಥಾಯಿಯ ಭೇದ ಅಳಿದು, ಸಿ ಎಂದರೆ 0, ಇ ಎಂದರೆ 4, ಜಿ ಎಂದರೆ 7 ಎಂದಾಗುತ್ತದೆ. ಸಿ ಶಾರ್ಪ್ ಮತ್ತು ಡಿ ಫ್ಲ್ಯಾಟ್ ಎರಡೂ 1 ಆಗುವುದರಿಂದ, ಬಳಕೆದಾರರು ಬರೆದ ಹೆಸರನ್ನೇ ಉತ್ತರದಲ್ಲಿ ತೋರಿಸಬೇಕೆಂದಿದ್ದರೆ ಅದನ್ನು ಬೇರೆಯಾಗಿ ಉಳಿಸಿಕೊಳ್ಳಬೇಕು.

ಶೇಷ ತೆಗೆಯುವ ಮುನ್ನವೇ ಎಲ್ಲಕ್ಕಿಂತ ಕೆಳಗಿನ ಸ್ವರ ಯಾವುದೆಂದು ಒಂದು ವೇರಿಯಬಲ್‌ನಲ್ಲಿ ಬರೆದಿಡಿ. ಸ್ವರಗಳು ಸೆಟ್ (ಕ್ರಮವೂ ಪುನರಾವರ್ತನೆಯೂ ಇಲ್ಲದ ಸಂಗ್ರಹ) ಒಳಗೆ ಸೇರಿದ ಮೇಲೆ ಆ ಮಾಹಿತಿ ಮರಳಿ ಸಿಗುವುದಿಲ್ಲ, ಮುಂದೆ ಅದು ಬೇಕೇ ಬೇಕಾಗುತ್ತದೆ.

ಬಳಿಕ ಕಾರ್ಡುಗಳ ಕೋಷ್ಟಕವನ್ನು ಸಿದ್ಧಪಡಿಸಬೇಕು. ಕಾರ್ಡಿಗೆ ಹೆಸರು ಕೊಡುವ ಮೂಲಸ್ವರದಿಂದ ಅರ್ಧಸ್ವರಗಳನ್ನು ಎಣಿಸಿದರೆ ಮೇಜರ್ 0, 4, 7. ಮೈನರ್ 0, 3, 7. ಡಿಮಿನಿಶ್ಡ್ 0, 3, 6. ಆಗ್ಮೆಂಟೆಡ್ 0, 4, 8. ಡಾಮಿನೆಂಟ್ ಸೆವೆಂತ್ 0, 4, 7, 10. ಉಳಿದವನ್ನು ಹೀಗೆಯೇ ಸೇರಿಸುತ್ತ ಹೋಗಬಹುದು. ಪೈಥಾನ್‌ನಲ್ಲಿ ಸಾಮಾನ್ಯ ಸೆಟ್ ಅನ್ನು ಡಿಕ್ಷನರಿಯ ಕೀ ಆಗಿ ಬಳಸಲು ಬರುವುದಿಲ್ಲವಾದ್ದರಿಂದ ಬದಲಾಯಿಸಲಾಗದ ಸೆಟ್ ಆದ ಫ್ರೋಜನ್‌ಸೆಟ್ ಅನ್ನು ಬಳಸಬೇಕು.

ಈಗ ಹುಡುಕಾಟ. 64, 67, 72, 76 ಎಂಬ ಸ್ವರಗಳು ಬಂದಿವೆ ಎನ್ನೋಣ. ಶೇಷಗಳು 4, 7, 0, 4. ಪುನರಾವರ್ತನೆಯನ್ನು ಬಿಟ್ಟರೆ 0, 4, 7. ಪ್ರತಿಯೊಂದನ್ನೂ ಮೂಲಸ್ವರವೆಂದು ಭಾವಿಸಿ, ಉಳಿದವುಗಳಿಂದ ಅದನ್ನು ಕಳೆದು ಮತ್ತೆ 12ರ ಶೇಷ ತೆಗೆಯಬೇಕು. 4 ಮೂಲವಾದರೆ 0, 3, 8 ಬರುತ್ತದೆ. 7 ಮೂಲವಾದರೆ 0, 5, 9. ಇವೆರಡೂ ಕೋಷ್ಟಕದಲ್ಲಿಲ್ಲ. 0 ಮೂಲವಾದಾಗ ಮೇಜರ್ ಹೊಂದುತ್ತದೆ. ಕೆಳಗಿನ ಸ್ವರ ಇ ಆಗಿರುವುದರಿಂದ ಇದು ಸಿ ಮೇಜರಿನ ಮೊದಲ ಇನ್ವರ್ಷನ್, ಅಂದರೆ ಮೂಲಸ್ವರದ ಬದಲು ಕಾರ್ಡಿನ ಮುಂದಿನ ಸ್ವರ ಕೆಳಗಿರುವ ರೂಪ. ಇಲ್ಲಿ ಒಂದು ಎಚ್ಚರಿಕೆ: 4ರಿಂದ 7 ಕಳೆದರೆ ಬರುವ ಋಣ 3ಕ್ಕೆ ಪೈಥಾನ್ 9 ಎಂಬ ಶೇಷವನ್ನೇ ಕೊಡುತ್ತದೆ, ಆದರೆ ಜಾವಾಸ್ಕ್ರಿಪ್ಟ್ ಮತ್ತು ಸಿ ಭಾಷೆಗಳು ಋಣ 3 ಅನ್ನೇ ಹಿಂದಿರುಗಿಸುತ್ತವೆ. ಆ ಭಾಷೆಗಳಲ್ಲಿ ಬರೆಯುವವರು ಮೊದಲು 12 ಕೂಡಿಸಿ ಆಮೇಲೆ ಶೇಷ ತೆಗೆಯಬೇಕು.

ಮೊದಲ ಹೊಂದಾಣಿಕೆ ಸಿಕ್ಕೊಡನೆ ಲೂಪ್ ನಿಲ್ಲಿಸಬಾರದು. ಸಿ, ಇ, ಜಿ, ಎ ಸ್ವರಗಳು ಸಿ ಮೂಲದಿಂದ ನೋಡಿದರೆ ಸಿ ಸಿಕ್ಸ್ತ್, ಎ ಮೂಲದಿಂದ ನೋಡಿದರೆ ಎ ಮೈನರ್ ಸೆವೆಂತ್. ಆಗ್ಮೆಂಟೆಡ್ ಕಾರ್ಡಿನ ಮೂರೂ ಸ್ವರಗಳು, ಡಿಮಿನಿಶ್ಡ್ ಸೆವೆಂತ್‌ನ ನಾಲ್ಕೂ ಸ್ವರಗಳು ಮೂಲವಾಗಬಲ್ಲವು. ಹೀಗಾಗಿ ಹೊಂದುವ ಹೆಸರುಗಳನ್ನೆಲ್ಲ ಪಟ್ಟಿ ಮಾಡಿ, ಬರೆದಿಟ್ಟ ಕೆಳಸ್ವರವೇ ಮೂಲವಾಗಿರುವ ಹೆಸರನ್ನು ಮೇಲಕ್ಕೆ ತರುವುದು ಉತ್ತಮ. ಒಂದೇ ಉತ್ತರವನ್ನು ಖಚಿತವೆಂಬಂತೆ ತೋರಿಸುವುದು ನನಗೆ ಸರಿಯೆನಿಸದು, ಏಕೆಂದರೆ ಹಿಂದುಮುಂದಿನ ಕಾರ್ಡುಗಳು ಪ್ರೋಗ್ರಾಂಗೆ ಕಾಣುವುದೇ ಇಲ್ಲ.

ವಾದಕರು ಐದನೆಯ ಸ್ವರವನ್ನು (ಮೂಲದಿಂದ 7 ಅರ್ಧಸ್ವರ ಮೇಲಿನದನ್ನು) ಬಿಟ್ಟು ನುಡಿಸುವುದೂ ಉಂಟು. ಸಿ, ಇ, ಬಿ ಫ್ಲ್ಯಾಟ್ ಮಾತ್ರ ಇದ್ದರೆ ಬರುವ 0, 4, 10 ಕೋಷ್ಟಕದಲ್ಲಿ ಸಿಗದಿದ್ದರೂ ಕಿವಿಗೆ ಅದು ಸಿ ಸೆವೆಂತ್ (ಸಿ ಮೂಲದ ಡಾಮಿನೆಂಟ್ ಸೆವೆಂತ್) ಎಂದೇ ಕೇಳಿಸುತ್ತದೆ. ಪೂರ್ಣ ಹೊಂದಾಣಿಕೆ ಸಿಗದಾಗ ಮಾತ್ರ, ಕೋಷ್ಟಕದ ಕಾರ್ಡಿನಿಂದ 7 ಒಂದೇ ಕಾಣೆಯಾಗಿದೆಯೇ ಎಂದು ಎರಡನೆಯ ಸುತ್ತಿನಲ್ಲಿ ನೋಡಿ, ಉತ್ತರದ ಮುಂದೆ ಐದನೆಯ ಸ್ವರವಿಲ್ಲವೆಂದು ನಮೂದಿಸಬೇಕು.

ಪರೀಕ್ಷೆಗೆ ಸುಲಭವಾದ ದಾರಿಯಿದೆ: ಕೊಟ್ಟ ಸ್ವರಗಳಿಗೆಲ್ಲ 1ರಿಂದ 11ರವರೆಗಿನ ಯಾವುದೇ ಒಂದೇ ಸಂಖ್ಯೆಯನ್ನು ಕೂಡಿಸಿದಾಗ ಕಾರ್ಡಿನ ಬಗೆ ಬದಲಾಗದೆ ಮೂಲಸ್ವರವಷ್ಟೇ ಅಷ್ಟು ಅರ್ಧಸ್ವರ ಮೇಲಕ್ಕೆ ಸರಿಯಬೇಕು. ಹಾಗಾಗದಿದ್ದರೆ ಶೇಷ ತೆಗೆಯುವ ಸಾಲನ್ನು ಮೊದಲು ಪರಿಶೀಲಿಸಿ.