ಮೊದಲು ಮಗುವಿನ ಹಾಸಿಗೆ ಹಾಸಿ

ಹೋದ ತಿಂಗಳು ನಮ್ಮ ಮಹಡಿ ಮನೆಗೆ ಒಂದು ಪುಟ್ಟ ಸಂಸಾರ ಬಂತು. ಗಂಡ, ಹೆಂಡತಿ, ಮೂರು ವರ್ಷದ ಮಗಳು. ಚಿಕ್ಕಮಗಳೂರಿನಿಂದ ಹಾಸನಕ್ಕೆ ವರ್ಗ. ರಾತ್ರಿ ಹನ್ನೊಂದಾದರೂ ಮಗುವಿನ ಅಳು ನಿಲ್ಲಲಿಲ್ಲ. ಹತ್ತಿ ಹೋಗಿ ನೋಡಿದರೆ ನಡುಮನೆ ತುಂಬಾ ರಟ್ಟಿನ ಡಬ್ಬಗಳು, ನಡುವೆ ಈ ಮೂವರು. ಮಗುವಿನ ಹೊದಿಕೆ ಯಾವ ಡಬ್ಬದಲ್ಲಿದೆ ಅಂತ ಇಬ್ಬರಿಗೂ ಗೊತ್ತಿಲ್ಲ. "ನೀನೇ ಅಲ್ವಾ ಕಟ್ಟಿದ್ದು" ಅಂತ ಇವನು. "ನಾನು ಬೇರೆ ಇಟ್ಟಿದ್ದೆ, ಲಾರಿಗೆ ಹಾಕಿಸಿದ್ದು ನೀವು" ಅಂತ ಅವಳು.

ನನಗೆ ಒಳಗೊಳಗೇ ನಗು. ನಮ್ಮ ಮನೆಯವರದು ಸರ್ಕಾರಿ ನೌಕರಿ. ಮೂಡಿಗೆರೆ, ಸಕಲೇಶಪುರ, ಬೇಲೂರು ಅಂತ ಸುತ್ತಿ ಏಳು ಮನೆ ಬದಲಾಯಿಸಿದ್ದೇವೆ. ಮೊದಲ ಮೂರು ಸಲ ನಾವೂ ಹೀಗೇ ಕಿತ್ತಾಡಿದ್ದೆವು. ನಾಲ್ಕನೇ ಸಲ ನಮ್ಮತ್ತೆ ಜೊತೆಗೆ ಬಂದರು. ಹೊಸ ಮನೆಗೆ ಕಾಲಿಟ್ಟವರೇ ಒಂದು ರೂಮು ಗುಡಿಸಿ, ಚಾಪೆ ಬಿಡಿಸಿ, ನಮ್ಮ ಪುಟ್ಟ ಮಗನ ಹಾಸಿಗೆ ಹಾಸಿ, ಅವನನ್ನು ಮಲಗಿಸಿದರು. "ಈಗ ಬೇಕಾದ್ದು ಮಾಡ್ಕೊಳ್ಳಿ" ಅಂದರು. ಆ ರಾತ್ರಿ ನಾವಿಬ್ಬರೂ ಜಗಳವಾಡಲಿಲ್ಲ. ಆಮೇಲೆ ಎಲ್ಲ ಮನೆಗೂ ಅದೇ ಕ್ರಮ. ಮಂಚ ಜೋಡಿಸುವುದು, ಟೀವಿ ಹಾಕುವುದು ನಾಳೆಗಿರಲಿ.

ಇದು ಆಗಬೇಕಾದರೆ ಮಗುವಿನ ಸಾಮಾನು ಲಾರಿ ಹತ್ತಲೇಬಾರದು. ಒಂದು ಬ್ಯಾಗಿಗೆ ಹಾಕಿ ನಿಮ್ಮ ಜೊತೆಗೇ ಇಟ್ಟುಕೊಳ್ಳಿ. ಎರಡು ದಿನದ ಬಟ್ಟೆ, ಹಾಲಿನ ಲೋಟ, ಜ್ವರದ ಔಷಧಿ, ಲಸಿಕೆ ವಿವರ ಬರೆದಿರುವ ತಾಯಿ ಕಾರ್ಡ್, ಹಾಸಿಗೆ ಕೆಳಗೆ ಹಾಕುವ ರಬ್ಬರ್ ಶೀಟು. ಹಾಸಿಗೆ ಒದ್ದೆ ಮಾಡುವುದನ್ನು ಬಿಟ್ಟಿದ್ದ ಮಗು ಮನೆ ಬದಲಾದಾಗ ನಾಲ್ಕು ದಿನ ಮತ್ತೆ ಮಾಡಬಹುದು. ಗದರಬೇಡಿ, ತಾನೇ ನಿಲ್ಲುತ್ತದೆ. ಇನ್ನೊಂದು ಮಾತು, ಕೇಳಿದರೆ ನಗುತ್ತೀರಿ: ಮಗುವಿನ ದಿಂಬಿನ ಕವರು, ಹೊದಿಕೆ ಎರಡನ್ನೂ ಹೊರಡುವ ಮುಂಚೆ ಒಗೆಯಬೇಡಿ. ಹಳೇ ಮನೆ ವಾಸನೆ ಅದರಲ್ಲಿರುತ್ತದೆ. ಗೋಡೆ ಹೊಸದು, ಕಿಟಕಿ ಹೊಸದು, ಮೂಗಿಗಾದರೂ ಗುರುತಿನದು ಸಿಗಲಿ.

ಮಗುವಿಗೆ ಹೇಳುವುದು ಯಾವಾಗ? ತಿಂಗಳುಗಟ್ಟಲೆ ಮುಂಚೆ ಬೇಡ, ದಿನಾ "ಇವತ್ತಾ?" ಅಂತ ಪ್ರಾಣ ತಿನ್ನುತ್ತದೆ. ಐದಾರು ದಿನ ಮುಂಚೆ ಹೇಳಿ, ಸಾಧ್ಯವಾದರೆ ಒಮ್ಮೆ ಕರೆದುಕೊಂಡು ಹೋಗಿ ಖಾಲಿ ಮನೆ ತೋರಿಸಿ. ಆಟದ ಸಾಮಾನನ್ನು ಅದರ ಕೈಯಲ್ಲೇ ಚೀಲಕ್ಕೆ ತುಂಬಿಸಿ. ಹಳೇ ಚಿಂದಿ ಗೊಂಬೆ ಅಂತ ಕದ್ದು ಬಿಸಾಡಿದಿರೋ, ಹೊಸ ಮನೆಯಲ್ಲಿ ಮೊದಲು ಹುಡುಕುವುದೇ ಅದನ್ನು.

ಸಾಮಾನು ಇಳಿಸುವ ಹೊತ್ತಿನಲ್ಲಿ ಬಾಗಿಲು, ಗೇಟು ಎರಡೂ ಹಾರು ಹೊಡೆದಿರುತ್ತವೆ. ಹೊಸ ಮನೆಗೆ ಹೋದ ಕೂಡಲೇ ಸಂಪಿನ ಮುಚ್ಚಳ ಭದ್ರವಾಗಿದೆಯಾ ನೋಡಿ. ಮುರಿದಿದ್ದರೆ ಮೇಲೆ ಭಾರದ ಕಲ್ಲು ಇಟ್ಟು, ಅವತ್ತೇ ಮಾಲೀಕರಿಗೆ ಹೇಳಿ. ತಾರಸಿ ಬಾಗಿಲಿಗೆ ಬೀಗ ಹಾಕಿ. ಫಿನೈಲ್ ಬಾಟಲಿ, ಈಳಿಗೆಮಣೆ ಅಟ್ಟದ ಮೇಲೆ ಹೋಗಲಿ. ಆ ದಿನ ಒಬ್ಬರಿಗೆ ಮಗು ನೋಡುವುದೊಂದೇ ಕೆಲಸ. ಅಜ್ಜಿಯೋ ಚಿಕ್ಕಮ್ಮನೋ ಇದ್ದರೆ ಅರ್ಧ ದಿನ ಅವರ ಹತ್ತಿರ ಬಿಡಬಹುದು. ವಾರಗಟ್ಟಲೆ ಊರಿಗೆ ಕಳಿಸಬೇಡಿ. ತಿರುಗಿ ಬಂದಾಗ ತನ್ನ ಮನೆಯೇ ಇಲ್ಲ ಅಂದರೆ ಅದಕ್ಕೆ ಹೇಗನಿಸಬೇಕು?

ಇನ್ನು ನಿಮ್ಮಿಬ್ಬರ ವಿಷಯ. ಬಿಸಾಡುವ ವಿಚಾರಕ್ಕೆ ಜಗಳ ಬಂದೇ ಬರುತ್ತದೆ. ನಮ್ಮವರಿಗೆ ಹಳೇ ರೇಡಿಯೋ ಬೇಕು, ನನಗೆ ತೂತಾದ ಹಿತ್ತಾಳೆ ಬೋಗಣಿ ಬೇಕು. ಅವರವರ ವಸ್ತು ಅವರವರೇ ತೀರ್ಮಾನ ಮಾಡಲಿ. ಒಪ್ಪದ್ದನ್ನೆಲ್ಲ ಒಂದು ಗೋಣಿಚೀಲಕ್ಕೆ ತುಂಬಿ, ದೀಪಾವಳಿ ಆದಮೇಲೆ ನೋಡೋಣ ಅಂತ ಕಟ್ಟಿಡಿ. ನಮ್ಮ ರೇಡಿಯೋ ಹೀಗೇ ಐದು ಮನೆ ನೋಡಿದೆ. ಹೊರಡುವ ದಿನ ಒಬ್ಬರು ಹಳೇ ಮನೆಯಲ್ಲಿ ತುಂಬಿಸಲಿ, ಒಬ್ಬರು ಹೊಸ ಮನೆಯಲ್ಲಿ ಇಳಿಸಿಕೊಳ್ಳಲಿ. ಇಬ್ಬರೂ ಒಂದೇ ಕಡೆ ನಿಂತು "ಅಲ್ಲಿಡಿ, ಇಲ್ಲಿಡಿ" ಅಂದರೆ ಹಮಾಲಿಗಳಿಗೂ ತಲೆ ಕೆಡುತ್ತದೆ. ಬೆಳಿಗ್ಗೆಯೇ ಪುಳಿಯೋಗರೆ, ಮೊಸರನ್ನ ಕಟ್ಟಿಕೊಳ್ಳಿ. ಅರ್ಧ ಕೋಪ ಹಸಿವಿನದ್ದು.

ಒಳ್ಳೆ ದಿನ ನೋಡಬೇಕು, ಆಷಾಢ ಬೇಡ ಅಂತ ಹಿರಿಯರು ಹೇಳುತ್ತಾರೆ. ವಾದ ಮಾಡಬೇಡಿ, ದಾರಿ ಇದೆ. ಒಂದು ಸೋಮವಾರ ನಮ್ಮ ಲಾರಿ ರಾಹುಕಾಲ ಕಳೆಯಲಿ ಅಂತ ಏಳೂವರೆಯಿಂದ ಒಂಬತ್ತರವರೆಗೆ ಬಾಗಿಲಲ್ಲೇ ನಿಂತಿತ್ತು. ಮಗ ಹಸಿದು ಕೂಗುತ್ತಿದ್ದ, ಪಾತ್ರೆಯೆಲ್ಲ ಮೂಟೆಯೊಳಗೆ. ಅವತ್ತಿಗೆ ಬುದ್ಧಿ ಬಂತು. ಒಳ್ಳೆಯ ದಿನ ಹೋಗಿ ಹಾಲುಕ್ಕಿಸಿ, ಉಪ್ಪು, ಒಂದು ಬಿಂದಿಗೆ ನೀರು ಇಟ್ಟು ಬನ್ನಿ. ಸಾಮಾನು ನಿಮಗೆ ಅನುಕೂಲವಾದ ದಿನ ಸಾಗಿಸಿ. ಹಾಸನಕ್ಕೆ ಬರುವವರು ವರ್ಷಕ್ಕೊಮ್ಮೆ ಹಾಸನಾಂಬೆ ಗುಡಿಯ ಬಾಗಿಲು ತೆಗೆದಿರುವ ದಿನಗಳನ್ನು ಬಿಡಿ, ಆ ಜನಜಾತ್ರೆಯಲ್ಲಿ ಲಾರಿ ಊರೊಳಗೆ ಬರುವುದೇ ಕಷ್ಟ.

ಮಳೆಗಾಲವಾದರೆ ಟಾರ್ಪಾಲು ಇದೆಯಾ ಅಂತ ಬಾಡಿಗೆ ಮಾತಾಡುವಾಗಲೇ ಕೇಳಿ. ಜುಲೈನಲ್ಲಿ ನೆನೆದ ಹತ್ತಿ ಹಾಸಿಗೆ ಮಲೆನಾಡಲ್ಲಿ ಒಣಗುವುದುಂಟೆ? ಬೂಷ್ಟು ಹಿಡಿದರೆ ಮಗುವಿಗೆ ಕೆಮ್ಮು. ಪಾತ್ರೆಗೆ ಗೋಣಿಚೀಲ ಸಾಕು, ನಮ್ಮ ಕಡೆ ಕಾಫಿ ಚೀಲಕ್ಕೇನು ಬರ? ಬಟ್ಟೆ ಮಾತ್ರ ಅದಕ್ಕೆ ತುಂಬಬೇಡಿ, ವಾಸನೆ ಹಿಡಿಯುತ್ತದೆ. ಉಪ್ಪಿನಕಾಯಿ ಜಾಡಿಯ ಬಾಯಿಗೆ ಬಟ್ಟೆ ಕಟ್ಟಿ ತೊಡೆ ಮೇಲೆ ಇಟ್ಟುಕೊಂಡೇ ಹೋಗಿ. ಫ್ರಿಜ್ಜನ್ನು ನಿಲ್ಲಿಸಿಯೇ ಸಾಗಿಸಿ, ಇಳಿಸಿದ ಮೇಲೆ 4 ಗಂಟೆ ಬಿಟ್ಟು ಹಾಕಿ. ಮಲಗಿಸಿ ತಂದಿದ್ದರೆ ಕಂಪ್ರೆಸರಿನ ಎಣ್ಣೆ ಪೈಪಿಗೆ ಹರಿದಿರುತ್ತದೆ. ಆಗ ಮರುದಿನವೇ ಹಾಕುವುದು ಒಳ್ಳೆಯದು.

ಕಾಗದದ ಕೆಲಸ ಬೇಸರದ್ದು, ಬೇಗ ಹೇಳಿ ಮುಗಿಸುತ್ತೇನೆ. ಊರು ಬದಲಾದರೆ ಹಳೇ ಗ್ಯಾಸ್ ಏಜೆನ್ಸಿಗೆ ಸಿಲಿಂಡರ್, ರೆಗ್ಯುಲೇಟರ್ ಒಪ್ಪಿಸಿ, ವೋಚರ್ ಮತ್ತು ಠೇವಣಿ ವಾಪಸ್ ತೆಗೆದುಕೊಳ್ಳಿ. ಆ ವೋಚರ್ ತೋರಿಸಿದರೆ ಹೊಸ ಊರಲ್ಲಿ ಸಂಪರ್ಕ ಸಿಗುತ್ತದೆ. ಅಲ್ಲಿವರೆಗೆ ಹಾಲು ಕಾಯಿಸಲು ಇಂಡಕ್ಷನ್ ಒಲೆ ಇರಲಿ. ಚಿಕ್ಕಮಗಳೂರಲ್ಲಿ ಕರೆಂಟು ಮೆಸ್ಕಾಂನದು, ಹಾಸನದಲ್ಲಿ ಸೆಸ್ಕ್‌ನದು. ಉಚಿತ ಕರೆಂಟಿನ ಗೃಹಜ್ಯೋತಿ ಇದ್ದರೆ ಸರ್ಕಾರದ ಸೇವಾ ಸಿಂಧು ವೆಬ್‌ಸೈಟಿನಲ್ಲಿ ಹಳೇ ಮನೆಯ ಆರ್.ಆರ್. ನಂಬರು (ಕರೆಂಟು ಬಿಲ್ಲಿನ ಮೇಲಿರುತ್ತದೆ) ಬಿಡಿಸಿ, ಹೊಸದನ್ನು ಸೇರಿಸಿ. ಮೊದಲ ದಿನವೇ ಮೀಟರಿನ ಫೋಟೋ ತೆಗೆದಿಡಿ. ಒಂದು ಮನೆಯಲ್ಲಿ ಹಿಂದಿನವರ ಬಾಕಿಯನ್ನು ನಾವು ಕಟ್ಟಿದ್ದೇವೆ, ಸುಮ್ನೆ ಹೇಳುತ್ತಿಲ್ಲ.

ಹೊಸ ಮನೆಗೆ ಎಲ್ಲ ಬರುತ್ತದೆ, ಹೆಪ್ಪಿಗೆ ಮೊಸರು ಮಾತ್ರ ದಾರಿಯಲ್ಲೇ ಹುಳಿಯಾಗಿ ಕೆಟ್ಟಿರುತ್ತದೆ. ಅಂಗಡಿ ಪ್ಯಾಕೆಟ್ ತರಬೇಡಿ, ಲೋಟ ಹಿಡಿದು ಪಕ್ಕದ ಮನೆಯಲ್ಲಿ ಕೇಳಿ. ಹಾಲಿನವನು ಯಾವಾಗ ಬರುತ್ತಾನೆ, ನಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬಿಡುತ್ತಾರೆ, ಮಕ್ಕಳ ಡಾಕ್ಟರು ಯಾರು, ಎಲ್ಲ ಆ ಬಾಗಿಲಲ್ಲೇ ತಿಳಿಯುತ್ತದೆ. ಮಹಡಿ ಹುಡುಗಿ ಮೂರನೇ ದಿನ ಲೋಟ ಹಿಡಿದು ಬಂದಳು. ಮಗಳೂ ಹಿಂದೆಯೇ ಬಂತು. ಅದರ ಹೊದಿಕೆ ಸಿಕ್ಕಿತಂತೆ, ಕುಕ್ಕರಿನೊಳಗೆ.