ಫೋನ್ ಎತ್ತುವ ಅಧಿಕಾರ

ಅಮೆರಿಕದ ಒಂದು ಶೈತ್ಯಾಗಾರದಲ್ಲಿ ಕಾರ್ಮಿಕರಿಗೆ ಸುರಕ್ಷತಾ ತರಬೇತಿ ಕೊಡುವುದು ನನ್ನ ಕೆಲಸ. ಅಲ್ಲಿ ತಂಪಿಗೆ ಬಳಸುವುದು ಅಮೋನಿಯ. 1986ರ ತುರ್ತು ಯೋಜನೆ ಮತ್ತು ಸಮುದಾಯದ ಮಾಹಿತಿ ಹಕ್ಕು ಕಾಯ್ದೆಯನ್ನು ಮೊದಲ ವರ್ಷ ಸೆಕ್ಷನ್ ಸೆಕ್ಷನ್ ಆಗಿ ಪಾಠ ಮಾಡಿದೆ. ಎಲ್ಲರೂ ತಾಳ್ಮೆಯಿಂದ ಕೇಳಿ, ಸಹಿ ಹಾಕಿ ಎದ್ದುಹೋದರು.

ಕೆಲವು ವಾರಗಳ ನಂತರ ರಾತ್ರಿ ಪಾಳಿಯಲ್ಲಿ ಅಣಕು ಕಾರ್ಯಾಚರಣೆ ನಡೆಸಿದೆವು. ಕಂಪ್ರೆಸರ್ ಕೋಣೆಯ ವಾಲ್ವ್ ಸೋರುತ್ತಿದೆ ಎಂದು ಆಪರೇಟರ್ ಕೈಗೆ ಚೀಟಿ ಕೊಟ್ಟೆ. ಆತ ಮೇಲ್ವಿಚಾರಕನಿಗೆ ತಿಳಿಸಿದ, ಮೇಲ್ವಿಚಾರಕ ಮನೆಯಲ್ಲಿದ್ದ ಮ್ಯಾನೇಜರ್‌ಗೆ ಫೋನ್ ಮಾಡಿದ, ಅವರು ನನಗೆ ಮಾಡಿದರು. ಹೊರಗಿನ ಒಬ್ಬರಿಗೂ ಸುದ್ದಿ ಮುಟ್ಟುವ ಮೊದಲೇ ನಲವತ್ತು ನಿಮಿಷ ಕಳೆದಿತ್ತು. ಸೋರಿಕೆಯಾದರೆ ಹೊರಗಿನ ತುರ್ತು ಸಂಸ್ಥೆಗಳಿಗೆ ತಕ್ಷಣದ ಸೂಚನೆ, ಕಾಯ್ದೆ ಕೇಳುವುದು ಅದನ್ನು. ಫೋನ್ ಎತ್ತುವ ಅಧಿಕಾರ ನಿಮಗಿದೆ ಎಂದು ನಾವು ಅವರಿಗೆ ಹೇಳಿಯೇ ಇರಲಿಲ್ಲ.

ಆಮೇಲೆ ಪಾಠವನ್ನು ಭೋಪಾಲದಿಂದ ಆರಂಭಿಸಿದೆ. 1984ರ ಡಿಸೆಂಬರ್‌ನ ಆ ರಾತ್ರಿ ಬೇಲಿಯಾಚೆ ಮಲಗಿದ್ದವರಿಗೆ ತಮ್ಮ ಮೇಲೆ ಹರಿದುಬಂದ ಅನಿಲ ಯಾವುದೆಂದು ಗೊತ್ತಿರಲಿಲ್ಲ, ಚಿಕಿತ್ಸೆ ಕೊಡಬೇಕಾದ ವೈದ್ಯರಿಗೂ ಗೊತ್ತಿರಲಿಲ್ಲ. ಈ ಕಾಯ್ದೆ ಹುಟ್ಟಿದ್ದೇ ಆ ದುರಂತದ ನಂತರ ಎಂದಾಗ ಕೋಣೆ ನಿಶ್ಶಬ್ದವಾಯಿತು.

ಆಮೇಲಿನ ಪ್ರಶ್ನೆ ಪ್ರಮಾಣದ್ದು. 24 ಗಂಟೆಯೊಳಗೆ 100 ಪೌಂಡ್, ಅಂದರೆ ಸುಮಾರು 45 ಕಿಲೋ ಅಮೋನಿಯ ಸೋರಿ ಆವರಣದಾಚೆ ಹೋದರೆ ವರದಿ ಕಡ್ಡಾಯ. ಸೋರುವ ಅನಿಲವನ್ನು ತಕ್ಕಡಿಗೆ ಹಾಕುವವರು ಯಾರು? ದ್ರವ ಅಮೋನಿಯ ಶೇಖರವಾಗುವ ರಿಸೀವರ್ ಟ್ಯಾಂಕಿನ ಮಟ್ಟವನ್ನು ಪ್ರತಿ ಪಾಳಿಯಲ್ಲೂ ಬರೆದಿಡುವುದು, ಸೋರಿಕೆ ಕಂಡ ಗಳಿಗೆಯನ್ನು ಗುರುತು ಹಾಕುವುದು, ಇವೆರಡರಿಂದ ಅಂದಾಜು ಸಿಗುತ್ತದೆ. ಸಂದೇಹವಿದ್ದರೆ ಲೆಕ್ಕ ಮುಗಿಯುವವರೆಗೆ ಕಾಯಬೇಡಿ, ಕರೆ ಮಾಡಿ ಎಂದು ಹೇಳುತ್ತೇನೆ. ಮೊದಲ ಅಂದಾಜನ್ನು ಆಮೇಲೆ ಕೊಡುವ ಲಿಖಿತ ವರದಿಯಲ್ಲಿ ತಿದ್ದಬಹುದು. ಕಳೆದುಹೋದ ನಿಮಿಷಗಳನ್ನು ತಿದ್ದಲಾಗದು.

ಫೋನಿನ ಪಕ್ಕದಲ್ಲೇ ಒಂದು ಹಾಳೆ ಅಂಟಿಸಿದೆವು. ಸ್ಥಳೀಯ ತುರ್ತು ಯೋಜನಾ ಸಮಿತಿ, ರಾಜ್ಯದ ತುರ್ತು ಸ್ಪಂದನಾ ಆಯೋಗ, ರಾಷ್ಟ್ರೀಯ ಸ್ಪಂದನಾ ಕೇಂದ್ರ, ಮೂರರ ಫೋನ್ ಸಂಖ್ಯೆಗಳು. ಕೆಳಗೆ ಹೇಳಬೇಕಾದ ವಿವರ: ಯಾವ ರಾಸಾಯನಿಕ, ಎಷ್ಟು, ಯಾವಾಗಿನಿಂದ, ಗಾಳಿಗೋ ನೀರಿಗೋ, ಜನ ಏನು ಮಾಡಬೇಕು. ಆ ಹಾಳೆ ನೋಡಿಕೊಂಡು ಪ್ರತಿಯೊಬ್ಬರೂ ಗಟ್ಟಿಯಾಗಿ ಓದಿ ಅಭ್ಯಾಸ ಮಾಡಿದರು. ನಾಚಿಕೊಳ್ಳುತ್ತಿದ್ದವರನ್ನು ಎರಡು ಸಲ ಓದಿಸಿದೆ.

ಇದೇ ಕಾಯ್ದೆಯಡಿ ಮಾರ್ಚ್ 1ರೊಳಗೆ ಸಲ್ಲಿಸಬೇಕಾದ ರಾಸಾಯನಿಕಗಳ ವಾರ್ಷಿಕ ದಾಸ್ತಾನು ಪಟ್ಟಿಯನ್ನು ಕಚೇರಿಯ ಕೆಲಸವೆಂದು ನಾನು ಬದಿಗಿಟ್ಟಿದ್ದೆ. ಅದೂ ತಪ್ಪು. ಫೋರ್ಕ್‌ಲಿಫ್ಟ್ ಬ್ಯಾಟರಿಗಳೊಳಗಿನ ಸಲ್ಫ್ಯೂರಿಕ್ ಆಮ್ಲವನ್ನೂ ಒಟ್ಟುಗೂಡಿಸಬೇಕು, 500 ಪೌಂಡ್ ಮುಟ್ಟಿದರೆ ಅದು ಪಟ್ಟಿಗೆ ಸೇರುತ್ತದೆ. ಹೊಸದಾಗಿ ಬಂದ ಬ್ಯಾಟರಿಗಳ ಸುದ್ದಿ ಕಚೇರಿಗೆ ತಲುಪಿಯೇ ಇರಲಿಲ್ಲ, ಚಾಲಕರಿಗೆ ಮಾತ್ರ ತಿಳಿದಿತ್ತು.

ಪಟ್ಟಿಯ ಒಂದು ನಕಲು ಅಗ್ನಿಶಾಮಕ ಠಾಣೆಗೂ ಹೋಗುತ್ತದೆ. ಹಾಗಾಗಿ ಕಳೆದ ಬಾರಿ ಅದರ ಜೊತೆಗಿನ ಕಟ್ಟಡದ ನಕ್ಷೆಯನ್ನು ಕೈಯಲ್ಲಿ ಹಿಡಿದು ಕಾರ್ಮಿಕರ ಜೊತೆ ಇಡೀ ಕಟ್ಟಡ ಸುತ್ತಿದೆ. ಹಿಂಬದಿಗೆ ಬಂದಾಗ ಸ್ವಚ್ಛತಾ ಕೆಲಸದ ಹೆಂಗಸೊಬ್ಬರು ನಕ್ಷೆಯ ಮೇಲೆ ಬೆರಳಿಟ್ಟು, "ಈ ಬಾಗಿಲು ಈಗ ಇಲ್ಲ, ಗೋಡೆ ಕಟ್ಟಿದ್ದಾರೆ" ಎಂದರು. ಆ ಬಾಗಿಲಿನಿಂದಲೇ ಅಗ್ನಿಶಾಮಕದವರು ಒಳಬರಬೇಕೆಂದು ನಾವು ಬರೆದಿದ್ದೆವು. ಅಂದೇ ನಕ್ಷೆ ತಿದ್ದಿ ಠಾಣೆಗೆ ಕಳಿಸಿದೆವು.