ಅಪ್ಪ ದೊಡ್ಡ ಹಾಡುಗಾರ, ನಿಮ್ಮದು ಮೊದಲ ಆಲ್ಬಂ: ಶ್ರುತಿಯಿಂದ ಶುರು ಮಾಡಿ

ಜಮಖಂಡಿಯಲ್ಲಿ ನನ್ನದೊಂದು ಚಿಕ್ಕ ರೆಕಾರ್ಡಿಂಗ್ ರೂಮಿದೆ. ಕ್ಯಾಸೆಟ್ ಕಾಲದಿಂದ ಗೀಗೀ ಮೇಳ, ಚೌಡಕಿ ಪದ, ಡೊಳ್ಳಿನ ಪದದಂಥ ಜನಪದ ಹಾಡಿನವರು ಬರುತ್ತಾರೆ. ಈಗ ಅವರ ಮಕ್ಕಳು ಬರುತ್ತಿದ್ದಾರೆ. ಅಪ್ಪನೋ ಅವ್ವನೋ ನಾಲ್ಕು ಜಿಲ್ಲೆಗೆ ಗೊತ್ತಿರುವ ಹಾಡುಗಾರರು, ಮಕ್ಕಳು ಮೊದಲ ಆಲ್ಬಂ ಮಾಡಬೇಕು. ಬಂದವರು ಮೊದಲು ಕೇಳೋದು ಮೈಕ್ ಯಾವುದು, ಖರ್ಚೆಷ್ಟು ಅಂತ. ಅದೆಲ್ಲ ಆಮೇಲೆ. ಮೊದಲು ಶ್ರುತಿ, ಅಂದರೆ ಯಾವ ಎತ್ತರದಲ್ಲಿ ಹಾಡಬೇಕು ಅನ್ನೋದು.

ಹುಟ್ಟಿದಾಗಿನಿಂದ ಅಪ್ಪನ ಸ್ವರವೇ ಕಿವಿಯಲ್ಲಿ ಕೂತಿರುತ್ತೆ. ಅಪ್ಪ ಪೇಟಿಯ (ಹಾರ್ಮೋನಿಯಂನ) ಕರಿ ಒಂದರಲ್ಲಿ, ಅಂದರೆ ಮೊದಲ ಕಪ್ಪು ಮನೆಯಲ್ಲಿ (ಕೀಯಲ್ಲಿ) ಹಾಡಿದರೆ ಮಕ್ಕಳೂ ಪೇಟಿ ಮುಂದೆ ಕೂತು ಅದೇ ಮನೆ ಒತ್ತುತ್ತಾರೆ. ಮೈಕಿಲ್ಲದೆ ಇಡೀ ಊರಿಗೆ ಕೇಳಿಸಬೇಕಿದ್ದ ಕಾಲಕ್ಕೆ ಆ ಎತ್ತರ ಬೇಕಿತ್ತು. ನಿಮ್ಮ ಮುಂದೆ ಒಂದು ಮೊಳ ದೂರದಲ್ಲೇ ಮೈಕಿದೆ, ಅಲ್ವಾ?

ಹೀಗೆ ಮಾಡಿ. ಗಂಟಲು ಸ್ವಲ್ಪ ಕಾದ ಮೇಲೆ, ಪದದಲ್ಲಿ ಎಲ್ಲಕ್ಕಿಂತ ಮೇಲೆ ಹೋಗುವ ಸಾಲು ಒಂದು, ಎಲ್ಲಕ್ಕಿಂತ ಕೆಳಗಿಳಿಯುವ ಸಾಲು ಒಂದು ಆರಿಸಿಕೊಳ್ಳಿ. ಆ ಎರಡನ್ನೇ ಹಾಡುತ್ತಾ ಪೇಟಿಯಲ್ಲಿ ಒಂದೊಂದೇ ಮನೆ ಇಳಿಯಿರಿ. ಮೇಲಿನ ಸಾಲಿನಲ್ಲಿ ಅಕ್ಷರ ಒಡೆಯಬಾರದು, ಕೆಳಗಿನ ಸಾಲಿನಲ್ಲಿ ಬರೀ ಉಸಿರು ಬರಬಾರದು. ಎರಡೂ ಸರಿ ಕೂರುವ ಮನೆಯೇ ನಿಮ್ಮ ಶ್ರುತಿ. ಒಬ್ಬ ಹುಡುಗಿಗೆ ಹೀಗೆ ಕರಿ ಒಂದರಿಂದ ನಾಲ್ಕು ಮನೆ ಇಳಿಸಿ ಬಿಳಿ ಆರಕ್ಕೆ ತಂದೆವು. ಅವರಪ್ಪನ ಜೊತೆ ತುಂತುಣಿ (ಒಂದೇ ತಂತಿಯ ವಾದ್ಯ) ಹಿಡಿದು ಮುದುಕರಾದ ಕಾಕಾಗೆ ಇದು ಹಿಡಿಸಲಿಲ್ಲ. "ಅಪ್ಪಾರ ಶ್ರುತಿ ಬಿಟ್ರ ಪದ ಸಪ್ಪಗ ಆಗ್ತೈತಿ ನೋಡ ತಂಗಿ" ಅಂದರು. ಗೀಗೀ ಪದದ ವಾದದಲ್ಲಿ ಹರದೇಶಿ, ನಾಗೇಶಿ ಅಂತ ಎರಡು ಪಕ್ಷ, ಅವಳು ಹಾಡಿದ್ದು ನಾಗೇಶಿ. ಹರದೇಶಿಯವರು ಗಂಡು ಹೆಚ್ಚು ಅಂದರೆ, ನಾಗೇಶಿಯವರು ಹೆಣ್ಣು ಹೆಚ್ಚು ಅಂತ ವಾದ ಹೂಡಬೇಕು. ವಾದದ ಮಾತೇ ಕೂಗಾಟದಲ್ಲಿ ಮುಳುಗಿದರೆ ಆ ಪದ ಯಾಕೆ ಬೇಕು? ಇಳಿಸಿದ ಮೇಲೆ ಒಂದೊಂದು ಮಾತೂ ಕೇಳಿಸಿತು.

ಪದ ಆರಿಸುವಾಗ ಒಂದು ಹಟ ಇಟ್ಟುಕೊಳ್ಳಿ. ಅಪ್ಪನ ಹೆಸರಾದ ಪದ ಒಂದೇ ಒಂದು, ಅದೂ ಕೊನೆಗೆ. ಜನ ಅದನ್ನು ಹಳೆಯದರ ಜೊತೆ ತೂಗಿಯೇ ತೂಗುತ್ತಾರೆ. ಹಂಗಾದ್ರೆ ಎಂಟು ಪದದ ಆಲ್ಬಂಗೆ ಉಳಿದ ಏಳು ಎಲ್ಲಿಂದ? ನಿಮ್ಮ ಮನೆ ಅಡುಗೆಮನೆಯಿಂದ. ಅಪ್ಪ ಊರೂರು ತಿರುಗುವಾಗ ಅವ್ವ, ಅಜ್ಜಿ, ಸೋದರತ್ತೆ ಬೀಸುತ್ತಾ ಕುಟ್ಟುತ್ತಾ ಹಾಡಿದ್ದನ್ನು ಯಾರೂ ರೆಕಾರ್ಡ್ ಮಾಡಿರೋದಿಲ್ಲ. ಹಲಸಂಗಿ ಗೆಳೆಯರು ಅನ್ನೋ ಸಾಹಿತಿಗಳ ಬಳಗ ಹೆಣ್ಣುಮಕ್ಕಳ ಬಾಯಿಂದ ಕೇಳಿ ಬರೆದುಕೊಂಡ ತ್ರಿಪದಿಗಳು 1931ರಲ್ಲೇ ಪುಸ್ತಕವಾದವು, ಆದರೂ ಮನೆಮನೆಯ ಹಾಡು ಮುಗಿದಿಲ್ಲ. "ಅಜ್ಜಿ, ಹಾಡು" ಅಂದರೆ ಅಜ್ಜಿ ಹಾಡೋದಿಲ್ಲ. ನೀವೇ ಒಂದು ಸಾಲು ತಪ್ಪಾಗಿ ಹಾಡಿ. ತಿದ್ದೋಕೆ ಅಂತ ಶುರು ಮಾಡಿದವರು ಹತ್ತು ನುಡಿ (ಚರಣ) ಹೇಳಿ ನಿಲ್ಲಿಸುತ್ತಾರೆ. ಫೋನ್ ಮಾತ್ರ ಮೊದಲೇ ಆನ್ ಆಗಿರಲಿ.

ಪದ ಉದ್ದ ಆಯ್ತು ಅಂತ ಕತ್ತರಿಸಲು ಹೋಗಬೇಡಿ. ಅಮೆರಿಕದ ಜನಪದ ಹಾಡುಗಾರ ವುಡಿ ಗತ್ರಿಯ ಮಗ ಆರ್ಲೊ ಗತ್ರಿ 1967ರಲ್ಲಿ ಮೊದಲ ಆಲ್ಬಂ ತಂದಾಗ ಗ್ರಾಮಫೋನ್ ತಟ್ಟೆಯ ಒಂದು ಬದಿ ಪೂರ್ತಿ ಒಂದೇ ಹಾಡು, 18 ನಿಮಿಷಕ್ಕೂ ಜಾಸ್ತಿ. ಅಪ್ಪನ ಹಾಡಲ್ಲ, ತನ್ನದೇ ಕಥೆ. ನಮ್ಮ ಲಾವಣಿಗಂತೂ ಉದ್ದ ಹೊಸದಲ್ಲ.

ಕತ್ತರಿಸುವವರು ಮೊದಲು ಕೈ ಹಾಕೋದು ಕೊನೆಯ ನುಡಿಗೆ. ಅದನ್ನಂತೂ ಮುಟ್ಟಲೇಬೇಡಿ. ಲಾವಣಿ ಕಟ್ಟಿದ ಕವಿಯ ಹೆಸರು, ಊರು, ಗುರುವಿನ ಹೆಸರು ಬರೋದು ಅಲ್ಲೇ. ಹಕ್ಕು ಯಾರದು ಅನ್ನೋದಕ್ಕೂ ಅದೇ ಮೊದಲ ಸುಳಿವು. ತಲೆತಲಾಂತರದಿಂದ ಬಂದ ಹಾಡಿಗೆ ಒಡೆಯರಿಲ್ಲ. ಆದರೆ ಒಬ್ಬ ಕವಿ ಕಟ್ಟಿದ್ದಾದರೆ, 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಅವರು ಬದುಕಿರುವ ತನಕ ಮತ್ತು ಆಮೇಲೆ 60 ವರ್ಷ ಹಕ್ಕಿರುತ್ತೆ. ಅಪ್ಪ ಕಟ್ಟಿದ ಪದವೂ ಇದರಲ್ಲೇ ಬಂತು. ಅವರು ಅದನ್ನು ಯಾವುದಾದರೂ ಕಂಪನಿಗೆ ಬರೆದುಕೊಟ್ಟಿದ್ದಾರಾ? ಟ್ರಂಕಿನಲ್ಲಿರುವ ಹಳೆಯ ಕಾಗದ ತೆಗೆದು ನೋಡಿ. ಕ್ಯಾಸೆಟ್ಟಿನ ಧ್ವನಿಗೆ ಬೇರೆಯದೇ ಹಕ್ಕು, ಅದು ಸಾಮಾನ್ಯವಾಗಿ ಕಂಪನಿ ಕೈಯಲ್ಲಿರುತ್ತೆ. ಅಪ್ಪನ ಹಳೇ ದನಿ ಹತ್ತು ಸೆಕೆಂಡ್ ಮುಂದೆ ಸೇರಿಸೋಣ ಅಂತ ಎಲ್ಲರಿಗೂ ಆಸೆ. ಒಪ್ಪಿಗೆ ಇಲ್ಲದೆ ಸೇರಿಸಿದರೆ ಯೂಟ್ಯೂಬ್‌ನಲ್ಲಿ ಹಕ್ಕು ನಮ್ಮದು ಅಂತ ಕಂಪನಿಯ ಕ್ಲೇಮ್ ಬೀಳಬಹುದು.

ಇನ್ನು ರೆಕಾರ್ಡಿಂಗ್. ರಾತ್ರಿಯಿಡೀ ಜಾತ್ರೆಯಲ್ಲಿ ಹಾಡಿ ಮರುದಿನ ರೂಮಿಗೆ ಬರಬೇಡಿ. ಚರ್ಮವಾದ್ಯ ದಪ್ಪು ನೀವೇ ಹಿಡಿದು ಹಾಡುವವರಾದರೆ ಕೈಯಿಂದ ಬಿಡಬೇಡಿ. ದಪ್ಪಿನ ಸದ್ದು ದನಿಯ ಮೈಕಿಗೆ ನುಗ್ಗುತ್ತೆ ಅಂತ ರೆಕಾರ್ಡ್ ಮಾಡುವವರು ಗೊಣಗುತ್ತಾರೆ, ನಾನೂ ಗೊಣಗುತ್ತೇನೆ. ಆದರೆ ದಪ್ಪು ಕಸಿದುಕೊಂಡರೆ ಮಾತಿನ ಹೊಡೆತ ಹೋಗುತ್ತೆ. ದಪ್ಪನ್ನು ಎದೆಯಿಂದ ಸೊಂಟಕ್ಕೆ ಇಳಿಸಿ ಹಿಡಿಯಿರಿ, ಅರ್ಧ ತೊಂದರೆ ಅಲ್ಲಿಗೇ ಮುಗಿಯಿತು. ಮಳೆಗಾಲದಲ್ಲಿ ಚರ್ಮ ಬೇಗ ಸಡಿಲಾಗುತ್ತೆ. ಎರಡು ಪದ ಆದ ಮೇಲೆ ಹೊರಗೆ ಹೋಗಿ ಕಾಸಿ ಬನ್ನಿ. ಹಿಮ್ಮೇಳದವರು ಜೊತೆಯಲ್ಲೇ ನಿಂತು 'ಗೀಗೀ' ಅಂತ ದನಿ ಹಿಡಿಯಲಿ. ಕಿವಿಗೆ ತಾಳ ಹಿಡಿಸುವ ಯಂತ್ರದ ಟಕ್ ಟಕ್ ಸದ್ದು ಹಾಕಿ ಲಯ ಕಟ್ಟಿಹಾಕಬೇಡಿ, ಕೊನೆಗೆ ಲಯ ಏರಲೇಬೇಕು. ಸ್ವರ ತಿದ್ದುವ ಸಾಫ್ಟ್‌ವೇರ್ ಆಟೋಟ್ಯೂನ್ ಬೇಡ. ಸ್ವರ ಜಾರಿಸಿ ಹಿಡಿಯುವ ನಮ್ಮ ರೀತಿಯನ್ನೇ ಅದು ತಪ್ಪು ಅಂತ ತಿಳಿದು ನೆಟ್ಟಗೆ ಮಾಡುತ್ತೆ.

ಮಿಕ್ಸ್ (ದನಿ, ವಾದ್ಯ ಎಲ್ಲ ಹದವಾಗಿ ಕೂಡಿಸೋದು) ಆದ ಮೇಲೆ ಹೆಡ್‌ಫೋನಿನಲ್ಲಷ್ಟೇ ಕೇಳಿ ಒಪ್ಪಬೇಡಿ. ಕಬ್ಬಿನ ಸೀಸನ್ ಇದ್ದರೆ ಪರಿಚಯದವರ ಟ್ರ್ಯಾಕ್ಟರ್ ಹತ್ತಿ, ಅದರ ಸೌಂಡ್ ಸಿಸ್ಟಮ್‌ನಲ್ಲಿ ಹಾಕಿ, ಎಂಜಿನ್ ಶುರು ಮಾಡಿಸಿ ಕೇಳಿ. ಮುಧೋಳ, ಜಮಖಂಡಿ ಕಡೆ ಜನಪದ ಜಾಸ್ತಿ ಓಡೋದು ಅಲ್ಲೇ. ಅಲ್ಲಿ ಮಾತು ತಿಳಿದರೆ ಮಿಕ್ಸ್ ಪಾಸು. ಬನದ ಹುಣ್ಣಿಮೆಗೆ ಬಾದಾಮಿ ಬನಶಂಕರಿ ಜಾತ್ರೆ ಶುರುವಾಗುವ ಮೊದಲೇ ಹಾಡು ಹೊರಗೆ ಬಂದಿದ್ದರೆ ಒಳ್ಳೆಯದು.

ಮುಖಪುಟದಲ್ಲಿ ನಿಮ್ಮ ಹೆಸರು ದೊಡ್ಡದಾಗಿರಲಿ. ಅಪ್ಪನ ಫೋಟೋ ಬೇಡ, 'ಇಂಥವರ ಮಗ' ಅಂತ ಸಣ್ಣ ಅಕ್ಷರದಲ್ಲಿ ಇದ್ದರೆ ಸಾಕು. ಹಿಮ್ಮೇಳದವರ ಹೆಸರು ಊರಿನ ಸಮೇತ ಹಾಕಿ. ಅವರ ದುಡ್ಡು ರೆಕಾರ್ಡಿಂಗ್ ಮುಗಿದ ದಿನವೇ ಕೈಗೆ ಕೊಡಿ. ಅಪ್ಪನ ಮುಖ ನೋಡಿ ಅವರು ಬಾಯಿಬಿಟ್ಟು ಕೇಳೋದಿಲ್ಲ.